ಉಸಿರು ಹಿಡಿಯುವ ಅಭ್ಯಾಸ

ರಾಮನಗರದಲ್ಲಿ ರೇಷ್ಮೆನೂಲು ಬಿಚ್ಚುವ ಅಮ್ಮನಿಗೆ ಆಸ್ತಮಾ. ಇನ್‌ಹೇಲರ್ ಕೊಡಿಸಿದರೂ ಎದೆಯ ಗೊರಗೊರ ಸದ್ದು ನಿಲ್ಲಲಿಲ್ಲ. ಕಾಲೇಜಿನಲ್ಲಿ ಜೀವಕೋಶದ ಪಾಠ ಮಾಡುವ ನನಗೆ ರೇಗಿಹೋಯಿತು. "ನನ್ನೆದುರಿಗೇ ತಗೋ" ಎಂದೆ.

ಇನ್‌ಹೇಲರ್ ಒತ್ತಿದ ಕ್ಷಣವೇ ಅಮ್ಮ ಉಸಿರು ಬಿಗಿಹಿಡಿದಳು. ರೇಷ್ಮೆಗೂಡು ಬೇಯುವ ಬಾಣಲೆಯ ಮೇಲೆ ಬಗ್ಗುವಾಗ ಹಬೆ ಒಳಗೆ ಹೋಗದಿರಲೆಂದು ಬೆಳೆಸಿಕೊಂಡ ಅಭ್ಯಾಸ! ಔಷಧವೆಲ್ಲ ಬಾಯಲ್ಲೇ ಉಳಿಯುತ್ತಿತ್ತು. "ಒತ್ತುತ್ತಲೇ ಉಸಿರು ಒಳಗೆಳೆದುಕೋಬೇಕಮ್ಮ" ಎಂದೆ.

"ಎಳ್ಕೊಂಡ್ರೆ ಅದೇನ್ ಮಾಡ್ತೈತೆ?"

ನೂಲೊಂದನ್ನು ಅವಳ ಸೆರಗಿನಲ್ಲಿ ಮೇಲೆ ಕೆಳಗೆ ಪೋಣಿಸಿ ತೋರಿಸಿದೆ. ಶ್ವಾಸನಾಳದ ಸ್ನಾಯುಕೋಶದ ಪೊರೆಯಲ್ಲೂ ಗ್ರಾಹಕವೆಂಬ ಪ್ರೋಟೀನಿನ ಎಳೆ ಹೀಗೆಯೇ ಏಳು ಸಲ ಹಾದುಹೋಗಿರುತ್ತದೆ. ಔಷಧ ಹೊರಗಿನಿಂದ ತಾಗಿದರೆ ಎಳೆ ತುಸು ಹೊರಳುತ್ತದೆ. ಒಳಬದಿಯ ಜಿ ಪ್ರೋಟೀನ್ ಎಚ್ಚೆತ್ತು ಸುದ್ದಿ ದಾಟಿಸುತ್ತದೆ. ಬಿಗಿದ ಸ್ನಾಯು ಸಡಿಲವಾಗುತ್ತದೆ.

"ಔಸ್ದಿ ಕೋಶದ ಒಳೀಕೇ ಓಗಕಿಲ್ವಾ?"

"ಇಲ್ಲಮ್ಮ, ಬಾಗಿಲಲ್ಲೇ ನಿಂತು ಕೂಗುತ್ತೆ. ಆದರೆ ಬಾಗಿಲವರೆಗಾದರೂ ನೀನು ಬಿಡಬೇಕಲ್ಲ!"

ಈ ಸಲ ಒತ್ತುತ್ತಲೇ ನಿಧಾನವಾಗಿ ಎಳೆದುಕೊಂಡಳು. ನಾನು ಅವಳ ಬೆನ್ನಿಗೆ ಕಿವಿಯಿಟ್ಟು ಕೂತೆ. ಕೆಲವೇ ನಿಮಿಷದಲ್ಲಿ ಗೊರಗೊರ ಇಳಿಯುತ್ತ ಬಂದು ನಿಂತೇಹೋಯಿತು.

ಅಮ್ಮ ತಿರುಗಿ ನನ್ನ ಮುಖ ನೋಡಿ ನಕ್ಕಳು.

"ಈಗ ನೀನೂ ಒಸಿ ಉಸ್ರು ಬುಡವ್ವ."