ಅಪ್ ಆ್ಯರೋ ಒತ್ತಿದ ಬೆಳಿಗ್ಗೆ

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಹಿಂದೂಪುರದ ಒಂದು ರಕ್ತನಿಧಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಕಲ್ಯಾಣದುರ್ಗದಲ್ಲಿ ನಮ್ಮದೊಂದು ಶಾಖೆ. ಅಲ್ಲಿ ಟೆಕ್ನಿಷಿಯನ್ ರತ್ನಮ್ಮ. ಅವಧಿ ಮುಗಿದ ರಕ್ತದ ಚೀಲಗಳಿಗೆ ದಿನಾ ಬೆಳಿಗ್ಗೆ ‘ಡಿಸ್ಕಾರ್ಡ್’ ಎಂದು ಗುರುತು ಹಾಕುವುದು ನನ್ನ ಕೆಲಸ. ಆ ಪಟ್ಟಿ ಪರದೆಗೆ ಬಂದೊಡನೆ ರತ್ನಮ್ಮ ಚೀಲಗಳನ್ನು ಫ್ರಿಜ್ಜಿನಿಂದ ತೆಗೆದು ಹಳದಿ ತೊಟ್ಟಿಗೆ ಹಾಕುತ್ತಿದ್ದರು.

ನಾನು ಒಂದೊಂದು ಕಮಾಂಡನ್ನೂ ನಾಲ್ಕೈದು ಸಾಲುಗಳಲ್ಲಿ ಟೈಪ್ ಮಾಡುವವನು. ನಡುವೆ ಎರಡು ಅಡ್ಡಗೆರೆ ಹಾಕಿ ಟಿಪ್ಪಣಿ ಬರೆಯುವ ಚಟ ಬೇರೆ. ಆ ಗೆರೆಗಳಿಂದ ಮುಂದೆ ಆ ಸಾಲಿನಲ್ಲಿ ಏನಿದ್ದರೂ ಯಂತ್ರ ಓದುವುದಿಲ್ಲ. ಅಂದು ಟೈಪ್ ಮಾಡಲು ಬೇಸರವಾಗಿ, ಅಪ್ ಆ್ಯರೋ ಒತ್ತಿ ಹಿಂದಿನ ದಿನದ ಕಮಾಂಡನ್ನೇ ಕರೆದೆ. ಬಂತು, ಆದರೆ ಎಲ್ಲ ಸಾಲುಗಳೂ ಸೇರಿ ಒಂದೇ ಉದ್ದನೆಯ ಸಾಲಾಗಿ ಬಂತು. ಎಂಟರ್ ಒತ್ತಿದರೆ ಸುಮ್ಮನೆ ಕಾಯುತ್ತ ಕೂತಿತು. ಕಮಾಂಡ್ ಮುಗಿಸುವ ಸೆಮಿಕೋಲನ್ ಬಿಟ್ಟುಹೋಗಿರಬೇಕೆಂದು ಒಂದನ್ನು ಕುಟ್ಟಿ ಮತ್ತೆ ಎಂಟರ್ ಒತ್ತಿದೆ.

ಬದಲಾಗಬೇಕಿದ್ದದ್ದು ಮೂರು ಚೀಲ. ಇನ್ನೂರ ಹನ್ನೆರಡು ಬದಲಾಗಿವೆ ಎಂದು ಉತ್ತರ ಬಂತು. ಸಾಲುಗಳು ಒಂದಾದಾಗ, ಅಡ್ಡಗೆರೆಯ ನಂತರದ್ದೆಲ್ಲ, ‘ಅವಧಿ ಮುಗಿದವು ಮಾತ್ರ’ ಎಂಬ ಷರತ್ತೂ ಕೊನೆಯ ಸೆಮಿಕೋಲನ್ನೂ ಸೇರಿ, ಟಿಪ್ಪಣಿಯೇ ಆಗಿಹೋಗಿತ್ತು. ಎರಡೂ ಊರಿನ ರಕ್ತವೆಲ್ಲ ಲೆಕ್ಕದಲ್ಲಿ ಕಸ! ಮಾಡಿದ್ದನ್ನು ರದ್ದುಮಾಡುವ ರೋಲ್‌ಬ್ಯಾಕ್ ಕೊಟ್ಟೆ. ಪ್ರತಿ ಬದಲಾವಣೆಯನ್ನೂ ಆಗಿಂದಾಗಲೇ ಕಾಯಂ ಮಾಡುವ ಆಟೋ ಕಮಿಟ್ ಆನ್ ಇದ್ದುದರಿಂದ ಏನೂ ವಾಪಸು ಬರಲಿಲ್ಲ.

ಹಿಂದೂಪುರದ ಫ್ರಿಜ್ಜನ್ನು ಯಾರೂ ಮುಟ್ಟಬೇಡಿ ಎಂದು ಕೂಗಿ ಹೇಳಿದೆ. ಕಲ್ಯಾಣದುರ್ಗದ ಫೋನು ಎಂಗೇಜ್. ಫ್ರಿಜ್ಜಿನ ಹೊರಗೆ ಮೂವತ್ತು ನಿಮಿಷ ದಾಟಿದ ರಕ್ತವನ್ನು ಮತ್ತೆ ಯಾರಿಗೂ ಕೊಡುವಂತಿಲ್ಲ. ಗಡಿಯಾರ ನೋಡುತ್ತ, ನನ್ನನ್ನೇ ಬೈದುಕೊಳ್ಳುತ್ತ ನಂಬರು ಒತ್ತುತ್ತಲೇ ಇದ್ದೆ. ಹದಿನೆಂಟನೇ ನಿಮಿಷಕ್ಕೆ ರತ್ನಮ್ಮ ಸಿಕ್ಕರು.

“ಆಸ್ಪತ್ರೆಯೋರ ಜತೆ ಮಾತಾಡ್ತಿದ್ದೆ ಸಾರ್. ಹೆರಿಗೆ ಆದ ಹೆಂಗಸಿಗೆ ರಕ್ತ ನಿಲ್ತಾ ಇಲ್ವಂತೆ, ಓ ನೆಗೆಟಿವ್ ಬೇಕಂತೆ. ಸ್ಟಾಕ್ ಲೇದು, ಅನಂತಪುರಕ್ಕೆ ಕರ್ಕೊಂಡೋಗಿ ಅಂದ್ಬುಟ್ಟೆ.”

“ಎರಡು ಚೀಲ ಇತ್ತಲ್ಲಮ್ಮಾ?”

“ತೊಟ್ಟೀಲಿ ಐತೆ. ಆಚೆ ತೆಗೆದು ಹದಿನೈದು ನಿಮಿಷ ಆಗೈತೆ.”

“ತಪ್ಪು ನಂದು ಕಣಮ್ಮ. ಪರದೆ ಮೇಲಿರೋದು ಸುಳ್ಳು. ಎಲ್ಲಾ ಒಳಗಿಡಿ. ಆ ಎರಡನ್ನ ಲೇಬಲ್ ನೋಡಿ, ಆಕೆ ರಕ್ತಕ್ಕೆ ಹೊಂದುತ್ತಾ ಅಂತ ಕ್ರಾಸ್‌ಮ್ಯಾಚ್ ಮಾಡಿ ಕಳ್ಸಿ. ಮೊದ್ಲು ಅವರನ್ನ ನಿಲ್ಸಿ!”

“ಅಯ್ಯೋ ದೇವುಡಾ! ಆಂಬುಲೆನ್ಸ್ ಹತ್ತಿಸ್ತಾ ಅವ್ರೆ,” ಎಂದವರೇ ಫೋನ್ ಇಟ್ಟರು.

ಬ್ಯಾಕಪ್‌ನಿಂದ ಪಟ್ಟಿಯನ್ನು ಸರಿಪಡಿಸಿದೆ. ಆಂಬುಲೆನ್ಸ್ ಹೊರಡುವ ಮುನ್ನ ತಡೆದು ಆ ಎರಡು ಚೀಲ ಕೊಟ್ಟರೆಂದೂ ಆ ತಾಯಿ ಉಳಿದಳೆಂದೂ ಮಧ್ಯಾಹ್ನ ಸುದ್ದಿ ಬಂತು. ಕೂತಲ್ಲೇ ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಕಮಾಂಡಿನ ನಡುವೆ ಟಿಪ್ಪಣಿ ಬರೆಯುವುದನ್ನು ಅಂದೇ ಬಿಟ್ಟೆ, ಆಟೋ ಕಮಿಟ್ಟನ್ನೂ ಆಫ್ ಮಾಡಿದೆ. ಪಾಠ ಅಷ್ಟೇ ಎಂದುಕೊಂಡಿದ್ದೆ. ಮರುವಾರ ಕಲ್ಯಾಣದುರ್ಗಕ್ಕೆ ಹೋಗಿ ರತ್ನಮ್ಮನವರ ಕ್ಷಮೆ ಕೇಳಿದೆ. ಚೀಲದ ಮೇಲಿನ ದಿನಾಂಕ ನೋಡಲಿಲ್ಲವೇ ಎಂದು ಮೆಲ್ಲಗೆ ವಿಚಾರಿಸಿದೆ.

“ನೋಡ್ದೆ ಸಾರ್. ಇನ್ನೂ ಡೇಟ್ ಇತ್ತು. ನೀವ್ ಹಾಕಿದ್ದೀರಲ್ಲಾ, ನಿಮಗೇನೋ ಗೊತ್ತಿರ್ತೈತೆ ಅಂತ ತೆಗೆದಾಕ್ದೆ.”

ನಾನು ಟೈಪ್ ಮಾಡಿದ್ದನ್ನು ತಮ್ಮ ಕಣ್ಣಿಗಿಂತ ಹೆಚ್ಚಾಗಿ ನಂಬುವ ಒಬ್ಬರು ಇನ್ನೊಂದು ಊರಿನಲ್ಲಿ ಕೂತಿರುತ್ತಾರೆ. ಈಗಲೂ ಎಂಟರ್ ಒತ್ತುವ ಮುನ್ನ ನನಗೆ ಭಯವಾಗುತ್ತದೆ. ಆಗಲೇಬೇಕು.