ಜುಲೈನಲ್ಲಿ ಬೀಳದ ಮಳೆ

ಹೊಂಗಡಹಳ್ಳದ ಆಚೆಯ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್. ಆಳುಗಳ ಹಾಜರಿ, ಕಾಗದಪತ್ರವೆಲ್ಲ ನನ್ನದೇ. ದಿನಾ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕ ನೋಡಿ, ಎಷ್ಟು ಇಂಚು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಎಷ್ಟು ಸೆಂಟ್ಸ್ ಬಿತ್ತೆಂದು ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಕಂಪ್ಯೂಟರಿಗೆ ಹಾಕುವುದೂ ನನ್ನ ಕೆಲಸ. ನಮ್ಮ ಯಜಮಾನರಿಗೆ ಕಾಫಿಗಿಂತ ಮಳೆಯ ಮೇಲೆ ಹೆಮ್ಮೆ. ಆನೇಮಹಲ್ ಕಡೆಯ ತೋಟದವರು ಮೂರಿಂಚು ಎಂದರೆ ಇವರಿಗೆ ಮೂರೂವರೆ ಬಿದ್ದಿರಲೇಬೇಕು. ಇಲ್ಲದಿದ್ದರೆ ಅವತ್ತು ತಿಂಡಿ ರುಚಿಸುವುದಿಲ್ಲ.

ಮಳೆ ದಾಖಲೆಯ ಪ್ರೋಗ್ರಾಂ ತುಂಬ ಹಳೆಯದು. ಹೋದ ವರ್ಷ ಜೂನ್ ಕೊನೆಗೆ ಅದಿದ್ದ ಕಂಪ್ಯೂಟರ್ ಕೆಟ್ಟಿತು. ಹೊಸದರಲ್ಲಿ ಪ್ರೋಗ್ರಾಂ ಓಡಲೇ ಇಲ್ಲ. ಆಗ ಸಕಲೇಶಪುರ ಪೇಟೆಯಿಂದ ಯಜಮಾನರ ಭಾವಮೈದ ಬಂದರು. ಕಂಪ್ಯೂಟರ್ ಕೋರ್ಸನ್ನು ಅರ್ಧಕ್ಕೆ ಬಿಟ್ಟವರು. ಉಳಿದರ್ಧವನ್ನು ಮಾತಿನಿಂದ ತುಂಬಿಕೊಂಡಿದ್ದರು.

"ಇದಕ್ಕೆ ವರ್ಚುವಲ್ ಮೆಷಿನ್ ಹಾಕ್ಬೇಕು ಭಾವ. ಕಂಪ್ಯೂಟರ್ ಒಳಗೇ ಇನ್ನೊಂದು ಹಳೇ ಕಂಪ್ಯೂಟರ್ ಇಟ್ಟಂಗೆ."

ಹಾಕಿದರು, ಓಡಿತು. ಅದನ್ನು ಒಪ್ಪಿಕೊಳ್ಳಲೇಬೇಕು. ಹೊರಡುವ ಮುಂಚೆ ನನಗೆ ಪಾಠ ಮಾಡಿದರು. "ಕ್ಲೋಸ್ ಮಾಡ್ವಾಗ ಒಂದು ಸಾಲು ಬರ್ತೈತೆ ಕಣಮ್ಮ, ಅದ್ರ ಪಕ್ಕ ಟಿಕ್ ಹಾಕೇ ಮುಚ್ಬೇಕು. ಎಲ್ಲಾ ಸರಿ ಇರೋವಾಗಿಂದು ಒಂದು ಫೋಟೋ ತೆಗೆದಿಟ್ಟಿದೀನಿ. ವೈರಸ್ ಬಂದ್ರೂ ಹೆದರ್ಬೇಡ, ಮತ್ತೆ ಆ ಫೋಟೋ ಥರಾನೇ ಆಗ್ಬುಡ್ತೈತೆ."

ನಾನು ಜಾಣೆಯಂತೆ ತಲೆಯಾಡಿಸಿದೆ. ಜುಲೈ ತಿಂಗಳಿಡೀ ಆ ದಿನದ ಮಳೆ ಹಾಕಿದೆ, ಟಿಕ್ ಹಾಕಿದೆ, ಮುಚ್ಚಿದೆ. ಹಿಂದಿನ ದಿನದ್ದು ಉಳಿದಿದೆಯೇ ಎಂದು ಒಂದು ದಿನವೂ ನೋಡಲಿಲ್ಲ.

ತಿಂಗಳ ಕೊನೆಗೆ ಯಜಮಾನರು ಪ್ರಿಂಟ್ ಕೇಳಿದರು. ಮೂವತ್ತು ದಿನ ಸೊನ್ನೆ. ಮೂವತ್ತೊಂದನೇ ತಾರೀಕು ಮಾತ್ರ ಮೂರಿಂಚು ಹತ್ತು ಸೆಂಟ್ಸ್. ಹೊರಗೆ ಮಳೆಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ.

"ಏನಮ್ಮ ಇದು? ನಮ್ ತೋಟದಲ್ಲಿ ಮಳೇನೇ ಬಿದ್ದಿಲ್ವಾ? ಇದನ್ನ ತಗೊಂಡೋಗಿ ಯಾರಿಗ್ ತೋರಿಸ್ಲಿ?"

ಭಾವಮೈದ ಮತ್ತೆ ಬಂದರು. ರ್‍ಯಾಮ್ ಸಾಲುತ್ತಿಲ್ಲ ಎಂದು ಒಳಗಿನ ಕಂಪ್ಯೂಟರಿಗೆ ಇದ್ದಬದ್ದ ಮೆಮೊರಿಯನ್ನೆಲ್ಲ ಕೊಟ್ಟರು. ಹೊರಗಿನದು ಉಸಿರು ಕಟ್ಟಿ ನಿಂತಿತು. ಅದನ್ನು ಸರಿಮಾಡಿ, ಹಾರ್ಡ್ ಡಿಸ್ಕಿಗೆ ಥಂಡಿ ಹಿಡಿದಿದೆ ಎಂದರು. ಎರಡು ದಿನ ಪಕ್ಕದಲ್ಲಿ ಅರವತ್ತು ವ್ಯಾಟಿನ ಬಲ್ಬ್ ಹಚ್ಚಿ, ಬಾಣಂತಿಯನ್ನು ನೋಡಿಕೊಂಡ ಹಾಗೆ ಕಂಪ್ಯೂಟರನ್ನು ಬೆಚ್ಚಗಿಟ್ಟೆವು. ಅದೂ ಫಲಿಸದಿದ್ದಾಗ ತಪ್ಪು ಹೊರಿಸಲು ಉಳಿದವಳು ನಾನೊಬ್ಬಳೇ.

"ಎಂಟರ್ ಒತ್ತೋದನ್ನೇ ಮರೀತಾಳೆ ಭಾವ. ಹೆಂಗಸ್ರ ಕೈಗೆ ಮೆಷಿನ್ ಕೊಟ್ರೆ ಇದೇ ಕಥೆ."

ನನಗೆ ಮೈ ಉರಿಯಿತು. "ಹಂಗಾದ್ರೆ ನೀವೇ ಹಾಕಿ ಸಾರ್," ಎಂದು ನೋಟ್‌ಬುಕ್ ಮುಂದಿಟ್ಟೆ.

ಯಜಮಾನರ ಎದುರೇ ಕುಳಿತು ಇಡೀ ಜುಲೈಯನ್ನು ತಾವೇ ತುಂಬಿದರು. ಪ್ರತಿ ಸಲವೂ ಎಂಟರ್ ಕೀಯನ್ನು ಮೆಣಸು ಕುಟ್ಟಿದಂತೆ ಕುಟ್ಟಿದರು. ಎಲ್ಲವೂ ಪರದೆಯ ಮೇಲೆ ಬಂತು. "ನೋಡಿ!" ಎಂದು ಎದ್ದು ನಿಂತು, ಪ್ರಿಂಟ್ ನಾಳೆ ತೆಗೆದರಾಯಿತೆಂದು, ಟಿಕ್ ಹಾಕಿ, ಮುಚ್ಚಿ, ಕೋಳಿ ಸಾರು ಉಣ್ಣಲು ಹೋದರು.

ಮಾರನೆಯ ಬೆಳಿಗ್ಗೆ ತೆರೆದರೆ ಸೊನ್ನೆ. ಆ ಸೊನ್ನೆಗಳನ್ನು ಕಂಡು ನನಗಾದಷ್ಟು ಸಂತೋಷ ಕಾಫಿ ಹೂ ಅರಳಿಸುವ ಯಾವ ಹೂಮಳೆಗೂ ಯಜಮಾನರಿಗೆ ಆಗಿರಲಾರದು. ಯಾರೂ ಬರುವ ಮುಂಚೆ ಆ ಟಿಕ್ಕಿನ ಪಕ್ಕದ ಇಂಗ್ಲಿಷ್ ಸಾಲನ್ನು ಮೊದಲ ಸಲ ಪೂರ್ತಿ ಓದಿದೆ. ಗೊತ್ತಿಲ್ಲದ ಪದವನ್ನು ಮೊಬೈಲಿನಲ್ಲಿ ಹುಡುಕಿದೆ. ಹಿಂದೆ ಉಳಿಸಿಟ್ಟ ಸ್ಥಿತಿಗೆ ಮರಳಿಸು ಎಂದಿತ್ತು. ಅಷ್ಟೇ. ಜೂನ್ ಕೊನೆಯಲ್ಲಿ ತೆಗೆದ ಫೋಟೋಗೆ ನಾವು ದಿನಾ ವಾಪಸ್ ಹೋಗುತ್ತಿದ್ದೆವು. ಅವರು ಅದನ್ನು ತಮ್ಮ ಬಾಯಿಂದಲೇ ಹೇಳಿದ್ದರು, ನಾನು ನನ್ನ ಕಿವಿಯಿಂದಲೇ ಕೇಳಿದ್ದೆ.

ಜುಲೈಯನ್ನು ಮತ್ತೆ ತುಂಬಿ, ಟಿಕ್ ಇಲ್ಲದೆ ಮುಚ್ಚಿ, ತೆರೆದೆ. ಮಳೆ ಇತ್ತು. ಯಜಮಾನರನ್ನೂ ಭಾವಮೈದನನ್ನೂ ಕರೆದು ತೋರಿಸಿದೆ.

ಭಾವಮೈದ, "ನಂಗೂ ಅದೇ ಅನುಮಾನ ಇತ್ತು ಭಾವ. ಟೆಸ್ಟ್ ಮಾಡ್ತಿದ್ದೆ," ಎಂದರು. ಯಜಮಾನರು ನಂಬಿದರು, ಹೆಂಡತಿಯ ತಮ್ಮನನ್ನು ನಂಬದೆ ಮನೆಯಲ್ಲಿ ಊಟ ಮಾಡುವುದು ಕಷ್ಟ. ಬಂದವರಿಗೆಲ್ಲ ತಿಂಗಳ ಮಳೆ ತೋರಿಸುತ್ತ, "ನಮ್ ಭಾವಮೈದ ಕಂಡ್ಹಿಡ್ದ ಕಣ್ರೀ," ಎನ್ನುತ್ತಿದ್ದರು. ಅವರಿಗೆ ನಾನೇ ಬೆಲ್ಲದ ಕಾಫಿ ತಂದುಕೊಡುವಾಗ ಅದು ನನಗೂ ಕೇಳಿಸುತ್ತಿತ್ತು.

ಆ ಖ್ಯಾತಿ ಕೆ. ಹೊಸಕೋಟೆಯವರೆಗೂ ಹಬ್ಬಿ, ಅಲ್ಲಿನ ತೋಟವೊಂದರಿಂದ ಅವರಿಗೆ ಕರೆ ಬಂತು. ಅವರು ಹೋದ ದಿನ ಮಧ್ಯಾಹ್ನ ನನ್ನ ಫೋನ್ ಬಡಿದುಕೊಂಡಿತು. ದನಿ ತಗ್ಗಿಸಿ ಮಾತಾಡುತ್ತಿದ್ದರು. ಪಕ್ಕದಲ್ಲಿ ಯಾರೋ ಇದ್ದಿರಬೇಕು.

"ರೈಟರಮ್ಮ, ಇಲ್ಲಿ ಒಳಗಿನ ಮೆಷಿನ್ ಆನ್ ಆಗ್ತಾನೇ ಇಲ್ಲ ಕಣಮ್ಮ. ಅದೇನೋ ಕೆಂಪಗೆ ಇಷ್ಟುದ್ದ ಬರೆದೈತೆ."

"ಏನ್ ಬರೆದೈತೆ ಸಾರ್? ಜೋರಾಗಿ ಓದಿ," ಎಂದೆ.