ಕಾಶಕ್ಕನ ಒಂದೇ ಇಂಗ್ಲಿಷು

ನಾನು ಕಾಶಕ್ಕನನ್ನು ಮೊದಲ ಸಲ ನೋಡಿದಾಗ ಆಕೆ ಒಬ್ಬ ಗಂಡಸಿನ ಕೊರಳಪಟ್ಟಿ ಹಿಡಿದು ಅವನ ಹಣೆಯನ್ನು ಆಟೋದ ಕಂಬಿಗೆ ಕುಟ್ಟುತ್ತಿದ್ದಳು. ಹೈದರಾಬಾದಿನ ಅಮೀರ್‌ಪೇಟ್‌ನ ಒಂದು ಗಲ್ಲಿ, ಬೆಳಗಿನ ಹೊತ್ತು. ಕಂಪ್ಯೂಟರ್ ಕ್ಲಾಸುಗಳ ಕರಪತ್ರ ಹಂಚುವವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಜಾವಾ ಕಲಿಯಲೆಂದು ಮೈಸೂರಿನಿಂದ ಬಂದಿದ್ದ ನಾನು ಸೂಟ್‌ಕೇಸ್ ಹಿಡಿದು ಲೇಡೀಸ್ ಹಾಸ್ಟೆಲಿನ ಬೋರ್ಡು ಹುಡುಕುತ್ತಿದ್ದೆ. ಬೋರ್ಡು ಸಿಕ್ಕಿತ್ತು, ಅದರ ಕೆಳಗೇ ಈ ಹೊಡೆದಾಟ. ಆಟೋದವನ ಮೂಗಿನ ರಕ್ತ ಅಂಗಿಯ ಗುಂಡಿಗಳವರೆಗೆ ಇಳಿದಿತ್ತು. ಆಕೆ ಅವನನ್ನು ಬಿಡದೆಯೇ ನನ್ನತ್ತ ಕತ್ತು ತಿರುಗಿಸಿದಳು.

"ಮೈಸೂರಾಕಿ ನೀನಾ? ಮ್ಯಾಲೆ ಎಡಕಿನ ಖೋಲಿ. ಹೋಗಿ ಸೆಟಲ್ ಆಗು. ನಾ ಇವನ್ನ ಸೆಟಲ್ ಮಾಡಿ ಬರ್ತೀನಿ."

ಚಿಲ್ಲರೆ ಕೊಡುವ ನೆಪದಲ್ಲಿ ಅವನು ಹಾಸ್ಟೆಲಿನ ಹುಡುಗಿಯೊಬ್ಬಳ ಎದೆ ಮುಟ್ಟಿದ್ದನಂತೆ. ನಾನು ಮೇಲೆ ಹೋಗಿ ಮಂಚದ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಆಕೆ, ಹಾಸ್ಟೆಲಿನ ಯಜಮಾನತಿ, ಚಹಾದ ಪಾತ್ರೆ ಹಿಡಿದುಕೊಂಡು ಬಂದಳು. ನಾನು ಲೋಟ ಮುಂದೆ ಚಾಚಿದರೆ ತಡೆದಳು. "ತಡಿಯವ್ವಾ, ಪುಡಿ ಸೆಟಲ್ ಆಗ್ಲಿ." ಆಕೆಯ ಬೆರಳ ಸಂದಿಯಲ್ಲಿ ಆ ಮನುಷ್ಯನ ರಕ್ತ ಇನ್ನೂ ಒಣಗಿರಲಿಲ್ಲ.

ಕಾಶಕ್ಕನಿಗೆ ಬರುತ್ತಿದ್ದ ಇಂಗ್ಲಿಷು ಅದೊಂದೇ ಪದ. ಲಿಂಗಸುಗೂರು ಕಡೆಯ ಕನ್ನಡ, ಬೀದಿಯ ತೆಲುಗು, ತರಕಾರಿಯವರ ಹತ್ತಿರ ಉರ್ದು ಬೆರೆತ ಹಿಂದಿ, ಎಲ್ಲದರ ನಡುವೆಯೂ ಅದನ್ನು ಉಪ್ಪಿನ ಹಾಗೆ ಹಾಕುತ್ತಿದ್ದಳು. ಹೊಟ್ಟೆ ಕೆಟ್ಟರೆ "ಮಜ್ಜಿಗಿ ಕುಡಿ, ಸೆಟಲ್ ಆಕ್ಕೈತಿ." ಗೋಡೆ ಬಿರುಕು ಬಿಟ್ಟರೆ ಮನೆ ಸೆಟಲ್ ಆಗುತ್ತಿದೆ. ಮನೆಯಿಂದ ಫೋನು ಬಂದು ಅತ್ತರೆ ಮನಸ್ಸು ಸೆಟಲ್ ಆಗಬೇಕು. ನಮ್ಮ ತಂದೆತಾಯಂದಿರಿಗೂ ಇದೇ ಪದ ಬೇಕಿತ್ತು, ಆದರೆ ಅವರಿಗೆ ಅದರ ಅರ್ಥ ನೌಕರಿ ಮತ್ತು ಮದುವೆ ಎರಡೇ. ಇಂಟರ್‌ವ್ಯೂಗಾಗಿ ಇಂಗ್ಲಿಷು ತಿದ್ದಿಕೊಳ್ಳುತ್ತಿದ್ದ ನಾನು ಒಮ್ಮೆ ನಿಘಂಟು ತೆರೆದು ಅರ್ಥಗಳನ್ನು ಓದಿ ಹೇಳಿದೆ: ನೆಲೆಸು, ತಳಕ್ಕಿಳಿ, ಇತ್ಯರ್ಥವಾಗು, ಶಾಂತವಾಗು. ಕಾಶಕ್ಕ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೇಳಿಸಿಕೊಂಡಳು.

"ಬಡಿಯೂದು ಅಂತ ಬರ್ದಿಲ್ಲೇನು?"

"ಇಲ್ಲ ಅಕ್ಕಾ."

"ಹಂಗಾರ ಬರ್ದಾಂವಗ ಪೂರಾ ಗೊತ್ತಿಲ್ಲ ಬಿಡು."

ಆ ಪದ ಆಕೆಗೆ ಸಿಕ್ಕಿದ್ದು ಹೇಗೆಂದು ಮಳೆಗಾಲದ ಒಂದು ಸಂಜೆ ಹೇಳಿದಳು. ಆಕೆಯ ಗಂಡ ಬಾಲಾನಗರದ ಒಂದು ವರ್ಕ್‌ಷಾಪಿನಲ್ಲಿ ಲೇತ್ ಮಷೀನಿನ ಕೆಲಸಗಾರ. ಆಗ ಊರಿನ ಹೊರಗಿದ್ದಂತಿದ್ದ ಈ ಜಾಗ ಕೊಂಡು ಮನೆ ಕಟ್ಟಿದವನೂ ಅವನೇ, ಆ ಮನೆಯೊಳಗೆ ಹೆಂಡತಿಯನ್ನು ಬೆಲ್ಟಿನಿಂದ ಹೊಡೆಯುತ್ತಿದ್ದವನೂ ಅವನೇ. ಒಂದು ದಿನ ಮುಖ ಬಾತ ಆಕೆ ವರ್ಕ್‌ಷಾಪಿನ ಗೇಟಿಗೇ ಹೋಗಿ ನಿಂತಳು. ಸೂಪರ್‌ವೈಸರ್ ಇಬ್ಬರನ್ನೂ ನೋಡಿ, "ಘರ್ ಜಾಕೆ ಸೆಟಲ್ ಕರೋ" ಅಂದನಂತೆ. ಆಕೆ ದಾರಿಯುದ್ದಕ್ಕೂ ಆ ಪದವನ್ನು ಬಾಯಲ್ಲಿ ಹೊರಳಾಡಿಸಿಕೊಂಡು ಬಂದಳು. ಗಂಡ ಬಾಗಿಲು ಹಾಕಿ ಬೆಲ್ಟು ಬಿಚ್ಚಿದಾಗ ಒಲೆಯ ಮೇಲಿನ ಕಾದ ಹಂಚು ತೆಗೆದು ಅವನ ಕೈಗೆ ಒತ್ತಿದಳು.

"ಚರ್ಮ ಹಂಚಿಗೆ ಹತ್ತಿಕೊಂಡು ಬಂತು. ಆಮ್ಯಾಲೆ ಸಾಯೂತನ ಕೈ ಎತ್ತಲಿಲ್ಲ ನೋಡು. ಸೂಪರ್‌ವೈಸರ್ ಹೇಳಿದ್ದು ಇದs ಅಂತ ತಿಳ್ಕೊಂಡೆ." ಹೇಳುತ್ತ ನಕ್ಕಳು. ನಮಗೆ ನಗಲು ಆಗಲಿಲ್ಲ.

ಆಕೆಯ ಸಿಟ್ಟು ಬರೀ ಗಂಡಸರ ಮೇಲೆ ತೀರುತ್ತಿತ್ತು ಎಂದರೆ ಸುಳ್ಳಾಗುತ್ತದೆ. ನನ್ನ ಖೋಲಿಯಲ್ಲಿ ಧಾರವಾಡದ ರೇಖಾ ಇದ್ದಳು. ಒಂದು ಭಾನುವಾರ ಅವಳು ಹುಡುಗನೊಬ್ಬನ ಬೈಕಿನಿಂದ ಗಲ್ಲಿಯ ತುದಿಯಲ್ಲಿ ಇಳಿದದ್ದನ್ನು ಕಾಶಕ್ಕ ಕಂಡಳು. ಒಳಗೆ ಕಾಲಿಡುತ್ತಿದ್ದಂತೆ ಕೆನ್ನೆಗೆ ಬಿಟ್ಟ ಏಟಿಗೆ ರೇಖಾ ಗೋಡೆಗೆ ಹೋಗಿ ಬಿದ್ದಳು. ಎದ್ದಾಗ ಕಿವಿಯಿಂದ ರಕ್ತದ ಸಣ್ಣ ಎಳೆಯೊಂದು ಇಳಿಯುತ್ತಿತ್ತು. ಕಿವಿಯ ತಮಟೆ ಹರಿದಿದೆ ಎಂದರು ಡಾಕ್ಟರು. ಕಾಶಕ್ಕ ಇಡೀ ದಿನ ಆಸ್ಪತ್ರೆಯ ಬೆಂಚಿನ ಮೇಲೆ ತನ್ನ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದಳು. ಕೊನೆಗೆ ರೇಖಾಳ ಮಂಚದ ಹತ್ತಿರ ಬಂದು ಹೇಳಿದಳು:

"ನನ್ನ ಗಂಡ ಸತ್ತಾನ ಅಂದ್ಕೊಂಡಿದ್ದೆ. ನನ್ನ ಕೈಯಾಗ ಕುಂತಾನವ್ವಾ."

ರೇಖಾ ಮುಖ ಆ ಕಡೆ ತಿರುಗಿಸಿದಳು. ಎಷ್ಟೋ ದಿನ ಮಾತಾಡಲಿಲ್ಲ. ಆದರೆ ಹಾಸ್ಟೆಲು ಬಿಡಲೂ ಇಲ್ಲ. ಅಂದಿನಿಂದ ಕಾಶಕ್ಕ ಯಾವ ಹುಡುಗಿಯ ಮೇಲೂ ಕೈ ಎತ್ತಿದ್ದನ್ನು ನಾನು ನೋಡಲಿಲ್ಲ.

ಅಷ್ಟರಲ್ಲಿ ಊರು ಉಬ್ಬುತ್ತಿತ್ತು. ಹೊಸ ಆಫೀಸುಗಳ ಗಾಜಿನ ಕಟ್ಟಡಗಳು ಎದ್ದಂತೆಲ್ಲ ಹಳೆಯ ಗಲ್ಲಿಗಳ ಜಾಗದ ಮೇಲೂ ಕಣ್ಣು ಬಿದ್ದವು. ಆಗ ನಮಗೆ ಆ ಪದದ ಇನ್ನೊಂದು ಮುಖ ತಿಳಿಯಿತು. ಜಾಗದ ತಕರಾರಿನೊಳಗೆ ನುಗ್ಗಿ, ಹೆದರಿಸಿ, ಬಿಡಿಸಿಕೊಳ್ಳುವುದಕ್ಕೆ ಹೈದರಾಬಾದಿನಲ್ಲಿ 'ಸೆಟಲ್‌ಮೆಂಟ್' ಎನ್ನುತ್ತಾರೆ. ಅದನ್ನೇ ದಂಧೆ ಮಾಡಿಕೊಂಡಿದ್ದ ಒಬ್ಬನನ್ನು ಜನ ನರ್ಸಿಂಗ್ ಅಣ್ಣ ಎನ್ನುತ್ತಿದ್ದರು. ಕಾಶಕ್ಕನ ಮೈದುನ, ಈ ಜಾಗದಲ್ಲಿ ತನಗೂ ಪಾಲಿದೆ ಎಂದು ಅವನ ಹತ್ತಿರ ಹೋಗಿದ್ದ.

ಬಿಳಿ ಅಂಗಿಯ ನರ್ಸಿಂಗ್ ಅಣ್ಣ ಮೊದಲು ಒಬ್ಬನೇ ಬಂದ. ಚಪ್ಪಲಿ ಹೊರಗೆ ಬಿಟ್ಟ. ಚಹಾ ಕುಡಿದ. "ಅಕ್ಕಾ, ಸೆಟಲ್ ಚೇಸ್ಕುಂದಾಂ," ಸೆಟಲ್ ಮಾಡಿಕೊಳ್ಳೋಣ ಎಂದು, ಅಂದ ತೆಲುಗಿನಲ್ಲಿ, ಮೆತ್ತಗೆ.

"ಮೇರಾ ಘರ್ ಹೈ," ಅಂದಳು ಕಾಶಕ್ಕ. "ಸೆಟಲ್ ಕ್ಯಾ ಕರ್ನಾ?"

ಅವನು ಲೋಟ ಕೆಳಗಿಟ್ಟು ಹೋದ. ಮರುದಿನ ಮಧ್ಯಾಹ್ನ ನಾವು ಮೇಲೆ ಊಟಕ್ಕೆ ತಟ್ಟೆ ಹಿಡಿದು ನಿಂತಿದ್ದಾಗ ಅವನ ಹುಡುಗರು ಬಂದರು. ಕೈಯಲ್ಲಿ ಕಬ್ಬಿಣದ ರಾಡು, ಸುತ್ತಿಗೆ. ಮೊದಲು ನಲ್ಲಿ ಪೈಪು ಒಡೆದರು. ಇಬ್ಬರು ಹೊರಗಿನ ಮೆಟ್ಟಿಲು ಹತ್ತಿ ಟ್ರಂಕುಗಳನ್ನು ಬೀದಿಗೆ ಎಸೆಯತೊಡಗಿದರು. ಅವರಲ್ಲೊಬ್ಬ ಹುಡುಗಿಯೊಬ್ಬಳ ಕೂದಲು ಹಿಡಿದು ಎಳೆದ. ಅವಳು ಕಿರುಚಿದ್ದೇ ತಡ, ಕಾಶಕ್ಕ ಕುದಿಯುವ ಬೇಳೆಯ ಪಾತ್ರೆಯನ್ನು ಬಟ್ಟೆ ಕೂಡ ಹಿಡಿಯದೆ ಎತ್ತಿಕೊಂಡು ಮೆಟ್ಟಿಲಿಗೆ ಓಡಿದಳು.

ಕೂದಲು ಎಳೆದವನ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಬೇಳೆ ಅವನ ಮುಖ, ಕೊರಳು, ಎದೆ ಎಲ್ಲಕ್ಕೂ ಮೆತ್ತಿತ್ತು. ಒರೆಸಿಕೊಳ್ಳಹೋದರೆ ಚರ್ಮ ಬರುತ್ತಿತ್ತು. ಮತ್ತೊಬ್ಬ ರಾಡು ಬೀಸಿದ. ಕಾಶಕ್ಕನ ಬಲ ಮೊಣಕೈ ಮುರಿದ ಸದ್ದು ಒಣ ಸೌದೆ ಮುರಿದಂತೆ ಕೇಳಿಸಿತು. ನಾವು ಮೇಲಿನಿಂದ ಬಕೀಟು, ತಟ್ಟೆ, ದಪ್ಪ ಪುಸ್ತಕ, ಸಿಕ್ಕಿದ್ದನ್ನೆಲ್ಲ ಎಸೆದೆವು. ನಾನು ಎಸೆದ ಇಸ್ತ್ರಿ ಪೆಟ್ಟಿಗೆ ಒಬ್ಬನ ಹೆಗಲಿಗೆ ಬಡಿದು ಅವನು ಕುಸಿದ. ನಾನು ಮನುಷ್ಯರೊಬ್ಬರನ್ನು ಹೊಡೆದದ್ದು ಅದೇ ಮೊದಲು. ಹೊಡೆದ ಖುಷಿಗೆ ಮೈ ಝುಂ ಎಂದಿತು, ಅದನ್ನು ಮುಚ್ಚಿಡುವುದಿಲ್ಲ.

ಬೇಳೆಯ ಮೇಲೆ ಜಾರಿ ರಾಡಿನವನೂ ಬಿದ್ದ. ಕಾಶಕ್ಕ ಮೆಟ್ಟಿಲ ಬುಡದಲ್ಲಿದ್ದ ಖಾರ ಅರೆಯುವ ಗುಂಡುಕಲ್ಲನ್ನು ಎಡಗೈಯಿಂದ ಅವನ ತಲೆಯ ಮೇಲೆ ಎತ್ತಿ ಹಿಡಿದಳು. ಬಲಗೈ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ಕಣ್ಣಲ್ಲಿ ನಾವು ಯಾರೂ ಇರಲಿಲ್ಲ. ಕಲ್ಲು ಇಳಿದಿದ್ದರೆ ಅವನ ತಲೆ ಉಳಿಯುತ್ತಿರಲಿಲ್ಲ, ಆಕೆ ಜೈಲಿನಿಂದ ಬರುತ್ತಿರಲಿಲ್ಲ. ರೇಖಾ ಮೆಟ್ಟಿಲಿಳಿದು ಓಡಿ, ಹಿಂದಿನಿಂದ ಆಕೆಯನ್ನು ತಬ್ಬಿ ಹಿಡಿದಳು.

"ಅಕ್ಕಾ, ಸಾಕು. ಸಾಕs, ನಾ ರೇಖಾ. ಕಲ್ಲು ಕೊಡು ನನಗ."

ಕಾಶಕ್ಕ ಕೊಟ್ಟಳು. ಕೊಟ್ಟು ಅಲ್ಲೇ ಕುಸಿದು ಕೂತಳು.

ಠಾಣೆಯಲ್ಲಿ ಎರಡೂ ಕಡೆಯ ದೂರು ಬರೆದುಕೊಂಡು, ಕೂತು ಸೆಟಲ್ ಮಾಡಿಕೊಳ್ಳಿ ಎಂದರು. ಆಕೆ ಮಾಡಿಕೊಳ್ಳಲಿಲ್ಲ. ಸ್ವಲ್ಪ ಕಾಲದ ನಂತರ ಬೇರೊಂದು ಜಾಗದ ಗಲಾಟೆಯಲ್ಲಿ ನರ್ಸಿಂಗ್ ಅಣ್ಣನನ್ನೇ ಯಾರೋ ಹಗಲು ಹೊತ್ತಿನಲ್ಲಿ ಕೊಚ್ಚಿ ಹಾಕಿದರು. ಮೈದುನ ಹೆದರಿ ಸುಮ್ಮನಾದ. ಸುದ್ದಿ ತಿಳಿದಾಗ ಕಾಶಕ್ಕ, "ನನ್ನ ಮನಿಯಾಗ ಚಾ ಕುಡದಾಂವ," ಎಂದಷ್ಟೇ ಹೇಳಿ ಅವತ್ತು ಊಟ ಮಾಡಲಿಲ್ಲ. ಮನೆ ಉಳಿಯಿತು. ಬಲಗೈ ಮಾತ್ರ ಮತ್ತೆ ಮಡಚಲು ಬರಲಿಲ್ಲ.

ನನಗೆ ಕೆಲಸ ಸಿಕ್ಕಿತು, ಆಫೀಸಿನಲ್ಲೇ ಪರಿಚಯವಾದ ಹುಡುಗನ ಜೊತೆ ಮದುವೆಯೂ ಆಯಿತು. "ಇನ್ನು ನೀನು ಸೆಟಲ್ ಆದ ಹಾಗೆ," ಎಂದು ಅಪ್ಪ ಫೋನಿನಲ್ಲಿ ನಿಟ್ಟುಸಿರು ಬಿಟ್ಟರು. ಊರಿನ ಹೊಸ ಭಾಗದಲ್ಲಿ ಎತ್ತರದ ಫ್ಲ್ಯಾಟು, ಕೆಳಗೆ ಕಾವಲುಗಾರ, ಲಿಫ್ಟಿನಲ್ಲಿ ಕನ್ನಡಿ. ಆ ಕನ್ನಡಿಯಲ್ಲಿ ನಾನು ಮುಖದ ಬಾವನ್ನು ಪೌಡರಿನಿಂದ ಮುಚ್ಚಿಕೊಳ್ಳುತ್ತಿದ್ದೆ. ಗಂಡ ಹೊಡೆಯುವಾಗ ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಟಿವಿಯ ಸದ್ದು ಜಾಸ್ತಿ ಮಾಡಿ ಹೊಡೆಯುತ್ತಿದ್ದ. ಒಂದು ಸಲ ಕೈಲಿದ್ದ ಫೋನಿನಿಂದ ಹೊಡೆದಾಗ ಕೆನ್ನೆಯ ಮೂಳೆಯ ಮೇಲೆ ಚರ್ಮ ಸೀಳಿತು. ಮರುದಿನ ಆಫೀಸಿಗೆ ಹೊರಟವಳು ಬಸ್ಸಿಳಿದು ನೋಡಿದರೆ ಅಮೀರ್‌ಪೇಟ್‌ನಲ್ಲಿದ್ದೆ.

ಕಾಶಕ್ಕ ಎಡಗೈಯಿಂದ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಬಾತ್‌ರೂಮಿನಲ್ಲಿ ಜಾರಿದೆ ಅಕ್ಕಾ."

"ನಿಮ್ಮ ಬಾತ್‌ರೂಮಿಗೆ ಕೈ ಬಂದಾವೇನು?"

ನಾನು ಅತ್ತೆ. ಆಕೆ ಹಳೆಯ ಖೋಲಿಯಲ್ಲಿ ಹಾಸಿಗೆ ಹಾಸಿಕೊಟ್ಟಳು. ಎರಡು ದಿನ ಬಿಟ್ಟು ಅವನು ಬಂದ, ಇಸ್ತ್ರಿ ಅಂಗಿ, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ. ಕಾಶಕ್ಕ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಇದು ನಮ್ಮ ಮನೆ ವಿಷಯ. ನಾವೇ ಸೆಟಲ್ ಮಾಡ್ಕೋತೀವಿ, ನೀವು ಮಧ್ಯ ಬರಬೇಡಿ," ಅಂದ.

ಆಕೆ ಎದ್ದು ಅವನ ಮೂಗು ಒಡೆಯುತ್ತಾಳೆಂದು ನಾನು ಮೇಲೆ ನಿಂತು ಕಾಯುತ್ತಿದ್ದೆ. ಆಸೆಪಡುತ್ತಿದ್ದೆ ಎನ್ನುವುದೇ ಸರಿ. ಆಕೆ ಏಳಲಿಲ್ಲ. ಕತ್ತೆತ್ತಿ ನನ್ನನ್ನೇ ನೋಡಿದಳು. ಕೊನೆಗೆ ನಾನೇ ಮೆಟ್ಟಿಲಿಳಿದು ಬಂದು, "ನಾನು ಬರೋದಿಲ್ಲ," ಅಂದೆ. ಅವನು ನನ್ನ ರಟ್ಟೆ ಹಿಡಿದ. ಬಿಡಿಸಿಕೊಂಡು ಮತ್ತೆ ಅದನ್ನೇ ಹೇಳಿದೆ. ಬಾಗಿಲುಗಳಲ್ಲಿ ಹುಡುಗಿಯರು ಬಂದು ನಿಂತಿದ್ದರು. ಅವನು ಅವರನ್ನೆಲ್ಲ ಒಮ್ಮೆ ನೋಡಿ, ಇಂಗ್ಲಿಷಿನಲ್ಲಿ ಏನೋ ಬೈದು ಹೊರಟುಹೋದ.

"ಯಾಕೆ ಹೊಡೀಲಿಲ್ಲ ಅಕ್ಕಾ?"

"ನಾ ಹೊಡದಿದ್ರ ಅಂವಗ ನನ್ನ ಮ್ಯಾಲೆ ಸಿಟ್ಟು ಬರ್ತಿತ್ತು, ಮತ್ತ ನಿನ್ನ ಕರ್ಕೊಂಡು ಹೋಗಾಕ ಬರ್ತಿದ್ದ. ನೀ ಬರೂದಿಲ್ಲ ಅಂದ್ರ ಅಂವ ಏನ್ ಮಾಡ್ತಾನ?"

ನಾನು ಅಲ್ಲೇ ಉಳಿದೆ. ವಿಚ್ಛೇದನದ ಕಾಗದ ಬಂದ ಚಳಿಗಾಲದಲ್ಲಿ ಕಾಶಕ್ಕ ತಂಗಿಯನ್ನು ನೋಡಲು ಲಿಂಗಸುಗೂರಿನ ಹತ್ತಿರದ ತನ್ನ ಹಳ್ಳಿಗೆ ಹೋದಳು. ಬಸ್ಸಿನ ಕಿಟಕಿಯಿಂದ, ಗ್ಯಾಸು ಮುಗಿಯಲು ಬಂದಿದೆ, ಬುಕ್ ಮಾಡು ಎಂದು ಕೂಗಿ ಹೇಳಿದ್ದೇ ಕೊನೆಯ ಮಾತು. ಸುದ್ದಿ ಬಂದು ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ತಂಗಿ ಅಳುತ್ತ ಹೇಳಿದಳು. ಎದುರು ಮನೆಯಲ್ಲಿ ಗಂಡನೊಬ್ಬ ಹೆಂಡತಿಗೆ ಬಡಿಯುತ್ತಿದ್ದ. ದಿನವೂ ಕೇಳುವ ಕೂಗೇ ಎಂದು ಯಾರೂ ಎದ್ದಿರಲಿಲ್ಲ. ಕಾಶಕ್ಕ ಉಣ್ಣುತ್ತಿದ್ದ ತಾಟು ಸರಿಸಿ, ಎಂಜಲ ಕೈಯಲ್ಲೇ ಎದ್ದು ಹೊರಟಳು. ಬೀದಿಯ ಅರ್ಧಕ್ಕೆ ಹೋಗಿ ಎದೆ ಹಿಡಿದುಕೊಂಡು ಬಿದ್ದಳು. ಎಲ್ಲರೂ ಓಡಿ ಬಂದರು. ಆಕೆಯನ್ನು ಎತ್ತಿ ಜೀಪಿಗೆ ಹಾಕಿದವರಲ್ಲಿ ಆ ಗಂಡನೂ ಇದ್ದನಂತೆ.

ನಾನು ಬೀದಿ ದಾಟಿ ಹೋದೆ. ಆ ಹೆಂಗಸು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ತುಟಿ ಒಡೆದಿತ್ತು. ಪಕ್ಕದಲ್ಲಿ ಕೂತೆ.

"ನೀವು ಆಕಿಗೆ ಏನಾಗಬೇಕ್ರಿ?" ಎಂದಳು.

"ಆಕೆಯ ಮನೆಯಲ್ಲಿದ್ದೇನೆ. ನಾನೂ ಹೊಡೆತ ತಿಂದೇ ಅಲ್ಲಿಗೆ ಹೋದವಳು. ಅಲ್ಲಿ ಒಂದು ಮಂಚ ಖಾಲಿ ಇದೆ."

ಒಳಗೆ ಗಂಡಸು ಕೆಮ್ಮಿದ್ದು ಕೇಳಿಸಿತು. ಅವಳು ಮೊರ ಕೇರುತ್ತಲೇ ಇದ್ದಳು, ತಲೆ ಎತ್ತಲಿಲ್ಲ. ಆಮೇಲೆ ತೀರ ಸಣ್ಣ ದನಿಯಲ್ಲಿ ಕೇಳಿದಳು:

"ಹೈದರಾಬಾದ್ ಬಸ್ ಎಷ್ಟೊತ್ತಿಗೈತ್ರಿ?"